ಅತ್ತೆ ಕರಡು ತಿದ್ದಿದ ಕನ್ಸರ್ಟೋ

ಹೋದ ಭಾನುವಾರ ಗಿಲ್‌ರಾಯ್‌ನಿಂದ ವಾಪಸ್ ಬರುವಾಗ ಕಾರಿನ ತುಂಬ ಬೆಳ್ಳುಳ್ಳಿಯ ವಾಸನೆ. ಬೆಳ್ಳುಳ್ಳಿ ಬೆಳೆಗೆ ಹೆಸರಾದ ಆ ಊರಿಗೆ ಹೋಗಿಬಂದವರ ಬಟ್ಟೆಗೆ, ತಲೆಗೂದಲಿಗೆ, ಕೊನೆಗೆ ಕಾರಿನ ಸೀಟಿಗೂ ಅದು ಹತ್ತಿಕೊಳ್ಳುತ್ತದೆ. ನನ್ನ ಪಕ್ಕದ ಸೀಟಿನಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದು ಬೆಲ್ಟ್ ಹಾಕಿಸಿಕೊಂಡು ಕುಳಿತಿತ್ತು. ನನಗೆ ಪಿಯಾನೋ ಕಲಿಸಿದ ಇಂಗ್ರಿಡ್ ಈಗ ಅಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತೇಳು. ಹೊರಡುವಾಗ ಪುಸ್ತಕವನ್ನು ನನ್ನ ಕೈಗಿಟ್ಟು, "ಇನ್ಮೇಲೆ ಇದು ನಿನ್ನದು. ಇಲ್ಲೇ ಇದ್ದರೆ ಇದಕ್ಕೂ ಒಗ್ಗರಣೆ ಬೀಳತ್ತೆ" ಎಂದರು. ಮಾತೆಲ್ಲ ಇಂಗ್ಲಿಷು, ಒಗ್ಗರಣೆ ಮಾತ್ರ ಕನ್ನಡ. ಅದನ್ನು ಅವರಿಗೆ ಕಲಿಸಿದವರು ನಮ್ಮತ್ತೆ.

ವಾಲ್ನಟ್ ಕ್ರೀಕ್‌ನ ಮನೆಗೆ ಬಂದು ಕೈ ತೊಳೆದು ಪುಸ್ತಕಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಬೆಳ್ಳುಳ್ಳಿಯ ಕೆಳಗೆ ಹಳೆಯ ಕಾಗದದ ವಾಸನೆ, ಅದರ ಕೆಳಗೆ, ಇದೆಯೋ ಇಲ್ಲವೋ ಎನ್ನುವಷ್ಟು ಅರಿಸಿನದ ವಾಸನೆ. ಮೊದಲ ಪುಟದ ಮೂಲೆಯಲ್ಲಿ ಹಳದಿ ಕಲೆ, ಅದರ ನಡುವೆ ಕುಂಕುಮದ ಬೊಟ್ಟು. ಒಳಗೆ ಒಂದು ಕಡೆ ಪೆನ್ಸಿಲಿನಲ್ಲಿ ಬರೆದ ಪುಟ್ಟ ಬೇಲಿಯಂಥ ಗುರುತು. ಅದರ ನಾಲ್ಕು ಗೆರೆಗಳಲ್ಲಿ ಒಂದನ್ನು ಯಾರೋ ರಬ್ಬರಿನಿಂದ ಅಳಿಸಲು ಹೋಗಿ ಬಿಟ್ಟಿದ್ದಾರೆ. ಅಷ್ಟು ನೋಡಿದ್ದೇ ಮೂರು ವರ್ಷದ ಹಿಂದಿನ ಆ ದಸರಾ ಕಾಲ ಇಡಿಯಾಗಿ ಎದುರಿಗೆ ಬಂದು ಕುಳಿತಿತು.

ನಾನು ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರ ಬಾಯಲ್ಲಿ ಕೈಯಿಟ್ಟು ದುಡಿಯುವವಳು. ಪಿಯಾನೋ ತಂದದ್ದು ಮಗಳು ಅದಿತಿಗಾಗಿ. ಆರು ತಿಂಗಳಲ್ಲಿ ಅವಳು "ಅಮ್ಮಾ, ಐ ಆ್ಯಮ್ ಡನ್" ಎಂದು ಎದ್ದುಬಿಟ್ಟಳು. ಅಷ್ಟು ದೊಡ್ಡ ಸಾಮಾನು ಹಾಲಿನಲ್ಲಿ ಫೋಟೋ ಇಡುವ ಮೇಜಾಗಿ ನಿಲ್ಲುವುದನ್ನು ನೋಡಲಾರದೆ ನಾನೇ ಕುಳಿತೆ. ನಲವತ್ತು ದಾಟಿದ ಮೇಲೆ ಶುರು ಮಾಡಿದ ಕಲಿಕೆ. ಬೆರಳುಗಳಿಗೆ ಹಲ್ಲು ಕೀಳುವ ಬಲ ಇತ್ತು, ಓಡುವ ಬುದ್ಧಿ ಇರಲಿಲ್ಲ. ಎಂಟು ವರ್ಷ ಇಂಗ್ರಿಡ್ ನನ್ನನ್ನು ಸಹಿಸಿಕೊಂಡರು. ಆ ವರ್ಷ ಬೇಸಗೆ ಮುಗಿಯುವಾಗ, ನಮ್ಮೂರಿನ ಹವ್ಯಾಸಿ ವಾದ್ಯವೃಂದದ ಜೊತೆ ನವೆಂಬರಿನಲ್ಲಿ ಒಂದು ಪಿಯಾನೋ ಕನ್ಸರ್ಟೋದ ಕೊನೆಯ ಭಾಗವನ್ನು ನುಡಿಸುತ್ತೀಯಾ ಎಂದು ಕೇಳಿದರು. ಮನೆ, ಕ್ಲಿನಿಕ್ಕು, ಮಗಳ ಸ್ಕೂಲು ಇವುಗಳ ಆಚೆ ನಾನು ನನಗಾಗಿಯೇ ಆಸೆಪಟ್ಟ ಮೊದಲ ವಸ್ತು ಅದು. ಹೂಂ ಎಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಕನ್ಸರ್ಟೋ ಎಂದರೆ ಒಂದು ಕಡೆ ಪಿಯಾನೋ ಒಂದೇ, ಇನ್ನೊಂದು ಕಡೆ ಪಿಟೀಲು, ಕೊಳಲು, ಕ್ಲಾರಿನೆಟ್ಟುಗಳ ಇಡೀ ದಂಡು, ಇವರಿಬ್ಬರ ನಡುವಿನ ಮಾತುಕತೆ. ನಮ್ಮದನ್ನು ಬರೆದವರು ಇನ್ನೂರು ವರ್ಷಕ್ಕೂ ಹಿಂದೆ ವಿಯೆನ್ನಾದಲ್ಲಿದ್ದ ಮಹಾಶಯರು. ಅವರ ಹೆಸರು ನಾಲಿಗೆಗೆ ಹೊಂದಲಿಲ್ಲವೆಂದು ನಮ್ಮತ್ತೆ ಅವರನ್ನು "ವಿಯೆನ್ನಾದವರು" ಎಂದೇ ಕರೆದರು, ಬೀಗರ ಕಡೆಯವರೇನೋ ಎಂಬ ಹಾಗೆ. ಕೊನೆಯ ಭಾಗದಲ್ಲಿ ಕುಣಿದಾಡುವ ಒಂದು ಪಲ್ಲವಿಯಿದೆ. ಪಿಯಾನೋ ಅದನ್ನು ಮೊದಲು ನುಡಿಸುತ್ತದೆ, ಕ್ಲಾರಿನೆಟ್ಟು ಉತ್ತರ ಕೊಡುತ್ತದೆ. ನಡುವೆ ಎಲ್ಲೆಲ್ಲೋ ಸುತ್ತಾಡಿ ಪಿಯಾನೋ ಮತ್ತೆ ಅದೇ ಪಲ್ಲವಿಗೆ ಬರುತ್ತದೆ, ಒಟ್ಟು ಮೂರು ಸಲ.

ನುಡಿಸಬೇಕಾದದ್ದು ಇಂಗ್ರಿಡ್ ಅವರ ಪುಸ್ತಕದಿಂದ. ವಿಯೆನ್ನಾದವರು ಬದುಕಿದ್ದಾಗಲೇ ಅಚ್ಚಾದ ಪ್ರತಿಯದು. ಇಂಗ್ರಿಡ್ ಅವರ ಅಜ್ಜಿ ಹಡಗಿನಲ್ಲಿ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆ ಕಡಿಮೆ ಮಾಡಿ ಇದನ್ನು ತಂದಿದ್ದರಂತೆ. ಅಜ್ಜಿ ಬರೆದ ಬೆರಳಿನ ಅಂಕಿಗಳು, ತಾಯಿ ಬರೆದವು, ಇಂಗ್ರಿಡ್ ಬರೆದವು, ಎಲ್ಲ ಪೆನ್ಸಿಲಿನಲ್ಲಿ ಇನ್ನೂ ಇದ್ದವು. "ಜೆರಾಕ್ಸ್ ಇಟ್ಕೊಂಡು ನುಡಿಸಿದ್ರೆ ಜೆರಾಕ್ಸ್ ಥರಾನೇ ಕೇಳತ್ತೆ" ಎಂದು ಎರಡು ತಿಂಗಳ ಮಟ್ಟಿಗೆ ನನಗೆ ಕೊಟ್ಟರು. ಕೈ ತೊಳೆದು ಮುಟ್ಟಬೇಕು, ಹತ್ತಿರ ಕಾಫಿ ಇಡಬಾರದು, ಬಟ್ಟೆಯಲ್ಲಿ ಸುತ್ತಿಡಬೇಕು. ನಮ್ಮ ಮನೆಯಲ್ಲಿ ಮಡಿಯನ್ನು ಅಷ್ಟು ಕಟ್ಟುನಿಟ್ಟಾಗಿ ಯಾರೂ ಆಚರಿಸಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಅತ್ತೆ ಮೈಸೂರಿನಿಂದ ಬಂದರು. ನಮ್ಮತ್ತೆ ರುಕ್ಮಿಣಮ್ಮ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು. ಮೊದಲು ಸೀಸದ ಅಕ್ಷರಗಳನ್ನು, ಅಂದರೆ ಅಚ್ಚುಮೊಳೆಗಳನ್ನು, ಒಂದೊಂದಾಗಿ ಜೋಡಿಸುವ ಕೆಲಸ, ಆಮೇಲೆ ಕರಡು ತಿದ್ದುವ ಕೆಲಸ. ಈಗಲೂ ಅವರು ಏನನ್ನೂ ಸುಮ್ಮನೆ ಓದುವುದಿಲ್ಲ. ಉಪ್ಪಿನಕಾಯಿ ಬಾಟಲಿಯ ಚೀಟಿಯಲ್ಲೂ ತಪ್ಪು ಹುಡುಕುತ್ತಾರೆ. ಇಂಗ್ರಿಡ್ ಅವರ ಪುಸ್ತಕವನ್ನು ಮೊದಲ ಸಲ ನೋಡಿದಾಗ ಪುಟದ ಮೇಲೆ ಬೆರಳು ಆಡಿಸಿ, "ಇದು ಮೊಳೆ ಜೋಡಿಸಿದ್ದಲ್ಲ ಕಣೇ ವಸು. ತಗಡಿನ ಮೇಲೆ ಒಂದೊಂದೇ ಗುರುತು ಬಡಿದು ಮಾಡಿರೋದು. ಎಂಥಾ ಕೈಯೇ ಆ ಬಡಿದೋನದು!" ಎಂದರು. ನನ್ನ ವಾದನದ ಬಗ್ಗೆ ಅಂಥ ಉತ್ಸಾಹ ಇರಲಿಲ್ಲ. "ಟೈಪಿಂಗ್ ಕ್ಲಾಸ್ ಪಕ್ಕದಲ್ಲಿ ಮನೆ ಮಾಡ್ದಂಗಿದೆ" ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಅಕ್ಟೋಬರ್ ಬಂದರೂ ಸೆಕೆ ಬಿಡಲಿಲ್ಲ. ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ, ಮಧ್ಯಾಹ್ನವಾದರೆ ಎಲ್ಲೋ ದೂರದ ಕಾಡುಬೆಂಕಿಯ ಹೊಗೆಯ ವಾಸನೆ. ಗುರುವಾರ ಸಂಜೆ ಒಂದು ಶಾಲೆಯ ಸಭಾಂಗಣದಲ್ಲಿ ಅಭ್ಯಾಸ. ಪಿಟೀಲಿನಲ್ಲಿ ನರ್ಸುಗಳು, ಮೇಷ್ಟರುಗಳು, ಕ್ಲಾರಿನೆಟ್ಟಿನಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ನಡೆಸಿಕೊಡುವವನು ಡೇನಿಯಲ್, ಅದೇ ಶಾಲೆಯಲ್ಲಿ ಗಣಿತ ಹೇಳುವ ಹುಡುಗ. ಮೊದಲ ದಿನವೇ ಪಲ್ಲವಿಯ ಒಂದು ಸ್ವರಕ್ಕೆ ಬಂದಾಗ ಅವನು ಕೈ ಎತ್ತಿ ನಿಲ್ಲಿಸಿದ.

"ವಸುಧಾ, ಅಲ್ಲಿ ಶಾರ್ಪ್ ಇರಬೇಕು."

ಶಾರ್ಪ್ ಎಂದರೆ ಆ ಬೇಲಿ ಗುರುತು. ಅದು ಸ್ವರದ ಹಿಂದೆ ಇದ್ದರೆ ಬಿಳಿ ಕೀ ಬಿಟ್ಟು ಪಕ್ಕದ ಕಪ್ಪು ಕೀ ಒತ್ತಬೇಕು. ನನ್ನ ಪುಸ್ತಕದಲ್ಲಿ ಪಲ್ಲವಿ ಎರಡನೆಯ ಸಲ, ಮೂರನೆಯ ಸಲ ಬಂದಾಗ ಗುರುತು ಇತ್ತು. ಮೊದಲ ಸಲ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಇಂಗ್ರಿಡ್ ಎದ್ದು ನಿಂತರು. "ಇಲ್ಲ. ಮೊದಲ ಸಲ ಆ ರಾಗ ಏನೂ ಅರಿಯದ ಮಗು. ಆಮೇಲೆ ಲೋಕ ಸುತ್ತಿ ಬಂದು ತುಂಟತನ ಕಲಿಯುತ್ತೆ. ನಮ್ಮಜ್ಜಿ ಹಾಗೇ ಹೇಳಿಕೊಟ್ಟಿದ್ದು."

"ಹೊಸ ಪ್ರತಿಗಳಲ್ಲಿ ಮೂರೂ ಕಡೆ ಶಾರ್ಪ್ ಇದೆ. ನನ್ನ ಕ್ಲಾರಿನೆಟ್ಟೂ ಶಾರ್ಪಿನಲ್ಲೇ ಉತ್ತರ ಕೊಡುತ್ತೆ" ಎಂದ ಡೇನಿಯಲ್.

"ಹೊಸ ಪ್ರತಿ ಮಾಡೋರು ಎಲ್ಲಕ್ಕೂ ಇಸ್ತ್ರಿ ಹೊಡೀತಾರೆ. ಇದು ಅವನು ಬದುಕಿದ್ದಾಗ ಅಚ್ಚಾದದ್ದು!"

ಒಂದು ಸ್ವರ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಒಂದೇ ಒಂದು ಸ್ವರ. ಮೂರು ಗುರುವಾರ ಅದರ ಮೇಲೆ ಜಗಳ ನಡೆಯಿತು. ಮೂರನೆಯ ವಾರ ಡೇನಿಯಲ್, ಸಭ್ಯನೇ ಪಾಪ, ತುಂಬ ಮೆತ್ತಗೆ ಹೇಳಿದ: "ಮುಂದಿನ ಗುರುವಾರದೊಳಗೆ ನೀವಿಬ್ಬರೂ ಒಂದು ತೀರ್ಮಾನಕ್ಕೆ ಬನ್ನಿ. ಇಲ್ಲದಿದ್ದರೆ ಇದನ್ನು ಕಾರ್ಯಕ್ರಮದಿಂದ ಬಿಡಬೇಕಾಗತ್ತೆ." ಮನೆಗೆ ಬಿಡುವಾಗ ಕಾರಿನಲ್ಲಿ ಇಂಗ್ರಿಡ್ ಹೇಳಿದರು: "ನೀನು ಶಾರ್ಪ್ ನುಡಿಸೋದಾದ್ರೆ ನನ್ನ ಪುಸ್ತಕ ವಾಪಸ್ ಕೊಡು. ನಾನು ಬರಲ್ಲ." ಕಪ್ಪು ಒತ್ತಿದರೆ ಗುರು ಇಲ್ಲ, ಬಿಳಿ ಒತ್ತಿದರೆ ಕಛೇರಿ ಇಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತೆಯ ಮುಂದೆ ಎಲ್ಲ ಒದರಿ, ನಲವತ್ತೊಂಬತ್ತು ವರ್ಷದ ಹೆಂಗಸು ಗಳಗಳ ಅತ್ತುಬಿಟ್ಟೆ. ಅವರು ಉರಿ ಸಣ್ಣ ಮಾಡಿ, "ಮೊದಲು ಊಟ ಮಾಡು" ಎಂದರು.

ಆಮೇಲಿನ ಭಾನುವಾರ ನಮ್ಮ ಮನೆಯಲ್ಲಿ ಆಯುಧಪೂಜೆ. ಅತ್ತೆ ಕೆಲಸ ಮಾಡಿದ ಅಚ್ಚುಕೂಟದಲ್ಲಿ ಅದು ವರ್ಷದ ದೊಡ್ಡ ಹಬ್ಬವಂತೆ. ಯಂತ್ರಕ್ಕೆ ಹಾರ, ಅಕ್ಷರದ ಗೂಡುಗಳಿಗೆ ಕುಂಕುಮ. ಇಲ್ಲಿಯೂ ಅವರು ಏನನ್ನೂ ಬಿಡಲಿಲ್ಲ. ಕಾರುಗಳಿಗೆ ನಿಂಬೆಹಣ್ಣು, ಮಿಕ್ಸಿಗೆ ಬೊಟ್ಟು, ನನ್ನ ಗಂಡನ ಲ್ಯಾಪ್‌ಟಾಪಿಗೆ ಬೊಟ್ಟು, ನಾನು ಕ್ಲಿನಿಕ್ಕಿನಿಂದ ತಂದಿಟ್ಟಿದ್ದ ಹಲ್ಲು ನೋಡುವ ಪುಟ್ಟ ಕನ್ನಡಿಗೂ ಬೊಟ್ಟು. ಪಿಯಾನೋಗೆ ಸೇವಂತಿಗೆ. ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಹಾಲಿನಿಂದ ಅದಿತಿಯ ಕೂಗು ಕೇಳಿಸಿತು: "ಅಜ್ಜೀ, ನೋ! ದಟ್ಸ್ ಆಂಟೀಕ್!"

ಓಡಿಹೋದೆ. ಪಿಯಾನೋ ಮೇಲೆ ಪುಸ್ತಕ ತೆರೆದಿತ್ತು. ಮೊದಲ ಪುಟದ ಮೂಲೆಯಲ್ಲಿ ತೇವದ ಅರಿಸಿನ, ಅದರ ಮೇಲೆ ಕುಂಕುಮ. ಅತ್ತೆ ಕೈಮುಗಿದು ನಿಂತಿದ್ದರು.

"ಅತ್ತೇ, ಏನ್ ಮಾಡ್ಬಿಟ್ರಿ! ಅದು ನಮ್ಮದಲ್ಲ!"

"ಅಚ್ಚಾಗಿರೋ ಪುಸ್ತಕಕ್ಕೆ ಬೊಟ್ಟಿಡದೇ ಇರಕ್ಕಾಗತ್ತಾ? ಪಕ್ಕದ ಮನೆ ಪುಸ್ತಕ ಆದ್ರೂ ಸರಸ್ವತಿ ಸರಸ್ವತೀನೇ."

ಹತ್ತಿ ತಂದೆ, ಬ್ರೆಡ್ಡಿನ ತುಂಡು ತಂದೆ. ಮೂರು ಸಲ ಒತ್ತಿದೆ. ಅರಿಸಿನ ಜಪ್ಪಯ್ಯ ಅನ್ನಲಿಲ್ಲ. ತಪ್ಪಾಯಿತೆಂದು ಅತ್ತೆಗೂ ಆಗ ತಿಳಿಯಿತು. ಮುಖ ಸಣ್ಣದಾಯಿತು. ಪೂಜೆ ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಪುಸ್ತಕದ ಮುಂದೆ ಕುಳಿತರು. ಪುಟ ತಿರುಗಿಸುತ್ತ, ಹಿಂದಕ್ಕೆ ಹೋಗುತ್ತ, ಲಕೋಟೆಯ ಅಂಚಿನಿಂದ ಹರಿದ ಕಾಗದದ ಚೂರೊಂದನ್ನು ಸಾಲಿನ ಮೇಲಿಟ್ಟು ಏನನ್ನೋ ಅಳೆಯುತ್ತ ಸಂಜೆಯ ತನಕ ಕುಳಿತರು. ಇನ್ನೇನು ಮಾಡುತ್ತಾರೋ ಎಂದು ನಾನು ಪಕ್ಕದಲ್ಲೇ ಕಾವಲಿದ್ದೆ. ಕೊನೆಗೆ ಅವರು, "ನಾಳೆ ಅವರ ಮನೆಗೆ ಹೋಗೋಣ. ತಪ್ಪು ನಂದು, ನಾನೇ ಹೇಳ್ತೀನಿ. ಇನ್ನೊಂದು ವಿಷಯಾನೂ ಇದೆ" ಎಂದರು.

"ಏನದು?"

"ಪುಸ್ತಕದಲ್ಲಿ ತಪ್ಪು ಕಂಡ್ರೆ ಮೊದಲು ಯಜಮಾನರಿಗೇ ಹೇಳಬೇಕು. ಊರಿಗೆಲ್ಲ ಸಾರಬಾರದು. ನಮ್ಮ ಕೆಲಸದಲ್ಲಿ ಅದೇ ಮೊದಲ ಪಾಠ." ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ.

ಆಗ ಇಂಗ್ರಿಡ್ ಮನೆ ನಮ್ಮ ಊರಿನಲ್ಲೇ, ಗುಡ್ಡದ ಮೇಲಿತ್ತು. ಸೋಮವಾರ ಮಧ್ಯಾಹ್ನ ಅತ್ತೆ ರೇಷ್ಮೆ ಸೀರೆಯುಟ್ಟು, ಕೆಳಗೆ ಸಾಕ್ಸು ಮತ್ತು ಸ್ಪೋರ್ಟ್ಸ್ ಶೂ ಹಾಕಿಕೊಂಡು, ಡಬ್ಬಿಯಲ್ಲಿ ಪುಳಿಯೋಗರೆ ಹಿಡಿದು ಹೊರಟರು. ಇಂಗ್ರಿಡ್ ಬಿಸ್ಕತ್ತು ತಂದಿಟ್ಟರು. ಅತ್ತೆ "ಬೇಡ ಬೇಡ" ಎಂದು ಎರಡು ತಿಂದರು. ಮತ್ತೆ ಕೊಟ್ಟಾಗ "ಬೇಡ ಬೇಡ" ಎಂದು ಇನ್ನೊಂದು ತಿಂದರು. ಇಂಗ್ರಿಡ್ ಆ ಪದವನ್ನು ಗಮನಿಸಿದರು. ನಾನು ಪುಸ್ತಕದ ಬಟ್ಟೆ ಬಿಚ್ಚಿ ಮೂಲೆ ತೋರಿಸಿದೆ. ಅತ್ತೆ ಕನ್ನಡದಲ್ಲಿ ತಪ್ಪೊಪ್ಪಿಕೊಂಡರು, ನಾನು ಇಂಗ್ಲಿಷಿಗೆ ತಿರುಗಿಸಿದೆ.

ಇಂಗ್ರಿಡ್ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರು. "ಇದು ಯಾಕೆ ಹಚ್ಚೋದು?"

"ನಮಸ್ಕಾರ ಮಾಡ್ದಂಗೆ ಅಂತ ಹೇಳೇ" ಎಂದರು ಅತ್ತೆ.

ಇಂಗ್ರಿಡ್ ಪುಸ್ತಕವನ್ನು ಮಡಿಲಿಗಿಳಿಸಿ ಹೇಳಿದರು: "ನಮ್ಮ ಮನೇಲಿ ಇದಕ್ಕೆ ಎಲ್ಲರೂ ಹೆದರುತ್ತಿದ್ದರು. ನಮಸ್ಕಾರ ಯಾರೂ ಮಾಡಿರಲಿಲ್ಲ." ಬೈಗುಳಕ್ಕೆ ಕಾದಿದ್ದ ನನಗೆ ಉಸಿರು ಬಂತು. ಅಷ್ಟರಲ್ಲಿ ಅತ್ತೆ ತಮ್ಮ ಕಾಗದದ ಚೂರು ತೆಗೆದರು. ಅದರ ಮೇಲೆ ಎರಡು ಗೀಟು ಹಾಕಿದ್ದರು. ಪಲ್ಲವಿ ಎರಡನೆಯ ಸಲ ಬರುವ ಪುಟ ತೆರೆದು, ಜಗಳದ ಸ್ವರಕ್ಕೂ ಅದರ ಹಿಂದಿನ ಸ್ವರಕ್ಕೂ ನಡುವೆ ಚೂರನ್ನು ಇಟ್ಟರು. ಗೀಟಿಗೆ ಗೀಟು ಕೂಡಿತು, ನಡುವೆ ಬೇಲಿ ಗುರುತು. ಮೂರನೆಯ ಸಲದ ಪುಟದಲ್ಲೂ ಹಾಗೇ. ಆಮೇಲೆ ಮೊದಲ ಸಲದ ಪುಟ. ಅಲ್ಲೂ ಗೀಟಿಗೆ ಗೀಟು ಕೂಡಿತು. ನಡುವೆ ಮಾತ್ರ ಖಾಲಿ.

"ಸೇಮ್ ಸ್ಪೇಸ್. ನೋ ಲೆಟರ್" ಎಂದರು ಅತ್ತೆ, ಅಚ್ಚುಕೂಟದ ಇಂಗ್ಲಿಷಿನಲ್ಲಿ. ಉಳಿದದ್ದಕ್ಕೆ ನನ್ನತ್ತ ತಿರುಗಿದರು. "ಬೇರೆ ಕಡೆ, ಗುರುತು ಇಲ್ಲದ ಜಾಗದಲ್ಲಿ, ತಗಡು ಬಡಿದೋನು ಒತ್ತೊತ್ತಾಗಿ ಬಡಿದಿದಾನೆ. ಇಲ್ಲಿ ಮಾತ್ರ ಜಾಗ ಬಿಟ್ಟಿದಾನೆ. ಬೇಲಿ ಬೇಡ ಅಂತಿದ್ರೆ ಜಾಗ ಯಾಕೆ ಬಿಡ್ತಿದ್ದ? ಇಡಬೇಕು ಅಂತ ಅಳತೆ ಹಾಕ್ಕೊಂಡು, ಇಡೋದು ಮರೆತಿದಾನೆ. ನೀವೆಲ್ಲ ಇರೋದನ್ನ ನೋಡ್ತೀರಿ. ನಾವು ಮೊಳೆ ಜೋಡಿಸಿದೋರು ಖಾಲಿ ಜಾಗಾನೂ ನೋಡ್ತೀವಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಇಂಗ್ರಿಡ್ ಅವರ ಕಣ್ಣು ತುಂಬಿತ್ತು. ಕಾಗದದ ಚೂರನ್ನು ತಾವೇ ತೆಗೆದುಕೊಂಡು ಇನ್ನೊಮ್ಮೆ ಮೂರೂ ಕಡೆ ಇಟ್ಟು ನೋಡಿದರು. "ಅಮ್ಮ ಚಿಕ್ಕವಳಿದ್ದಾಗ ಒಂದು ಸಲ ಇಲ್ಲಿ ಶಾರ್ಪ್ ನುಡಿಸಿದ್ದಕ್ಕೆ ಅಜ್ಜಿ ಕೈ ಮೇಲೆ ಹೊಡೆದಿದ್ದರಂತೆ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಛೇರಿ ಹಾಳಾಗಲಿ, ಈ ಮುದುಕಿಯ ಮನಸ್ಸನ್ನು ಯಾಕಾದರೂ ನೋಯಿಸಿದೆವೋ ಎಂದುಕೊಂಡೆ.

ಅತ್ತೆ ಮಾತ್ರ ಎದ್ದುಹೋಗಿ ಅವರ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡರು. "ಅವರಿಗೆ ಹೇಳೇ ವಸು. ನಾನೂ ಒಂದು ಸಲ ಮದುವೆ ಲಗ್ನಪತ್ರಿಕೇಲಿ ಮುಹೂರ್ತ ಹತ್ತೂವರೆ ಅನ್ನೋದರ ಬದಲು ಒಂಬತ್ತೂವರೆ ಜೋಡಿಸ್ಬಿಟ್ಟಿದ್ದೆ. ಸಂಜೆ ಆಗಿತ್ತು, ಕಣ್ಣು ಮಂಜಾಗಿತ್ತು. ಪತ್ರಿಕೆ ಎಲ್ಲಾ ಹಂಚಾಗಿತ್ತು. ನಾನು ಮೂರು ದಿನ ಅನ್ನ ಬಿಟ್ಟೆ. ಕೊನೆಗೆ ಏನಾಯ್ತು ಗೊತ್ತಾ? ಇಡೀ ಮೈಸೂರಲ್ಲಿ ನೆಂಟರೆಲ್ಲ ತಾಳಿ ಕಟ್ಟೋದಕ್ಕೆ ಮುಂಚೆ ಬಂದು ಕೂತಿದ್ದ ಮದುವೆ ಅದೊಂದೇ! ಬೈಯಕ್ಕೆ ಬಂದ ಹೆಣ್ಣಿನ ತಂದೆ ಹೋಳಿಗೆ ಕೊಟ್ಟು ಹೋದ್ರು." ಆಮೇಲೆ ಪುಟದ ಖಾಲಿ ಜಾಗವನ್ನು ಬೆರಳಿನಿಂದ ಸವರಿದರು. "ಇವನಿಗೂ ಪಾಪ, ದೀಪ ಹಚ್ಚೋ ಹೊತ್ತಾಗಿತ್ತೇನೋ."

ಇಂಗ್ರಿಡ್ ಮೊದಲು ಮೂಗು ಒರೆಸಿಕೊಂಡರು, ಆಮೇಲೆ ನಗಲು ಶುರು ಮಾಡಿದರು. "ಮೂರು ತಲೆಮಾರು! ಒಬ್ಬ ಸುಸ್ತಾದ ಕೆಲಸಗಾರನ ಮರೆವಿಗೆ ಮೂರು ತಲೆಮಾರು ಅರ್ಥ ಹೇಳ್ಕೊಂಡು ಬಂದಿದೀವಿ!" ಕಣ್ಣೀರು, ನಗು ಎರಡೂ ಒಟ್ಟಿಗೆ ಬರುತ್ತಿದ್ದವು. ಪಿಯಾನೋ ಮೇಲಿದ್ದ ಪೆನ್ಸಿಲ್ ತೆಗೆದು ಅತ್ತೆಯ ಕೈಗೆ ಕೊಟ್ಟರು. "ನೀವೇ ಇಡಿ." ಅತ್ತೆ ಸೆರಗಿಗೆ ಕೈ ಒರೆಸಿ, ಉಸಿರು ಹಿಡಿದು, ಇನ್ನೂರು ವರ್ಷದಿಂದ ಖಾಲಿಯಿದ್ದ ಜಾಗದಲ್ಲಿ ನಾಲ್ಕು ಗೆರೆಯ ಬೇಲಿ ಹಾಕಿದರು. ಗುರುವಾರ ನಾನು ಕಪ್ಪು ಕೀ ಒತ್ತಿದಾಗ ಡೇನಿಯಲ್ ಇಂಗ್ರಿಡ್ ಕಡೆ ನೋಡಿದ. ಅವರು ಕೈಚೀಲದಲ್ಲಿ ಏನೋ ಹುಡುಕುತ್ತಿದ್ದರು.

ನವೆಂಬರಿನ ಎರಡನೆಯ ಭಾನುವಾರ ಬೆಳಿಗ್ಗೆಯಿಂದಲೇ ಆ ವರ್ಷದ ಮೊದಲ ಮಳೆ. ಹೊಗೆಯೆಲ್ಲ ತೊಳೆದುಹೋಗಿ, ರಸ್ತೆಯ ಕೆಂಪು ಎಲೆಗಳು ಟೈರಿಗೆ ಅಂಟುತ್ತಿದ್ದವು. ಸಭಾಂಗಣದಲ್ಲಿ ಒದ್ದೆ ಕೊಡೆಗಳ ಸಾಲು. ಮೊದಲ ಸಾಲಿನಲ್ಲಿ ಅತ್ತೆ, ಇಂಗ್ರಿಡ್, ನನ್ನ ಗಂಡ, ಅದಿತಿ. ನನ್ನ ಇಬ್ಬರು ಪೇಷಂಟುಗಳೂ ಬಂದಿದ್ದರು, ಸೇಡು ತೀರಿಸಿಕೊಳ್ಳಲೋ ಏನೋ. ವೇದಿಕೆಯ ಮೇಲೆ ಕುಳಿತಾಗ ಎದೆ ಹೊಡೆದುಕೊಂಡ ಸದ್ದು ಪಿಯಾನೋಗೂ ಕೇಳಿಸಿರಬೇಕು. ಪುಸ್ತಕ ತೆರೆದೆ. ಮೂಗಿಗೆ ಅರಿಸಿನದ ವಾಸನೆ ಬಂತು. ಮನೆಯಲ್ಲೇ ಇದ್ದೇನೆ ಅನ್ನಿಸಿ ಬೆರಳು ಹಗುರಾದವು. ಪಲ್ಲವಿ ಹೊರಟಿತು, ಕಪ್ಪು ಕೀ ಮೇಲೆ ಕಾಲಿಟ್ಟು ಜಿಗಿಯಿತು, ಪೋಸ್ಟ್‌ಮ್ಯಾನ್ ಅದನ್ನು ಹಾಗೇ ಕ್ಲಾರಿನೆಟ್ಟಿಗೆ ಎತ್ತಿಕೊಂಡ. ಎಡಗೈ ಎರಡು ಕಡೆ ತಪ್ಪಿತು. ಯಾರೂ ಸಾಯಲಿಲ್ಲ. ಕೊನೆಯ ಸ್ವರ ಮುಗಿದಾಗ ನಾನು ನಗುತ್ತಿದ್ದೆ, ಹಲ್ಲೆಲ್ಲ ಕಾಣುವ ಹಾಗೆ. ಅಷ್ಟು ಖುಷಿ ನನಗೆ ಅದಕ್ಕೆ ಮೊದಲು ಯಾವಾಗ ಆಗಿತ್ತೋ ನೆನಪಿಲ್ಲ.

ಎಲ್ಲ ಮುಗಿದು ಕುರ್ಚಿ ಮಡಿಸುತ್ತಿದ್ದಾಗ ಇಂಗ್ರಿಡ್ ನಿಧಾನವಾಗಿ ಮೆಟ್ಟಿಲು ಹತ್ತಿ ಪಿಯಾನೋ ಮುಂದೆ ಕುಳಿತರು. ಪುಸ್ತಕ ನೋಡದೆ, ಪಲ್ಲವಿಯನ್ನು ತಮ್ಮ ಅಜ್ಜಿಯ ರೀತಿಯಲ್ಲಿ ನುಡಿಸಿದರು. ಬೇಲಿಯಿಲ್ಲದೆ, ಬಿಳಿ ಕೀಯಲ್ಲಿ, ಮೆತ್ತಗೆ. ನಾನು ಅದನ್ನೇ ಮನೆಯಲ್ಲಿ ಎರಡು ತಿಂಗಳು ಕುಟ್ಟಿದ್ದೆ. ಮಿಕ್ಸಿಯ ಸದ್ದಿನಲ್ಲಿ ಅತ್ತೆಯ ಕಿವಿಗೆ ಬಿದ್ದಿರದದ್ದು ಈಗ ಬಿತ್ತು. ಅವರು ಕೊಡೆ ಕೆಳಗಿಟ್ಟು ಹತ್ತಿರ ಬಂದರು.

"ಇದು ಯಾವುದೇ?"

"ಮೊದಲಿನದು ಅತ್ತೆ. ತಪ್ಪಿರೋದು."

"ಇನ್ನೊಂದ್ಸಲ ನುಡಿಸಕ್ಕೆ ಹೇಳು."

ಇಂಗ್ರಿಡ್ ಇನ್ನೊಂದು ಸಲ ನುಡಿಸಿದರು. ಅತ್ತೆ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಇಂಗ್ರಿಡ್‌ಗೆ ಕನ್ನಡ ಬಾರದೆಂಬುದನ್ನೇ ಮರೆತು, ಪಿಸುಮಾತಿನಲ್ಲಿ ಹೇಳಿದರು: "ಇದೇ ಚೆನ್ನಾಗಿದ್ಯಲ್ಲೇ! ನಾನು ಬರೀ ಜಾಗ ನೋಡ್ದೆ. ಕಿವಿ ಕೊಡ್ಲೇ ಇಲ್ಲ."

ನಾನು ಏನಾದರೂ ಹೇಳುವ ಮೊದಲೇ ಅದಿತಿಯ ಬ್ಯಾಗಿನಿಂದ ರಬ್ಬರ್ ಈಸಿಕೊಂಡು, ಪಿಯಾನೋ ಮೇಲಿದ್ದ ಪುಸ್ತಕ ತೆರೆದು, ಬೇಲಿಯ ಒಂದು ಗೆರೆಯ ಮೇಲೆ ಉಜ್ಜಲು ಶುರು ಮಾಡಿಯೇಬಿಟ್ಟರು. ಇಂಗ್ರಿಡ್ ನೋಡಿದರು. ಎಂಬತ್ತನಾಲ್ಕರ ಆ ಹೆಂಗಸು ಅಷ್ಟು ಚುರುಕಾಗಿ ಎದ್ದದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ಪುಸ್ತಕವನ್ನು, ಅತ್ತೆಯ ಬೇಲಿಯ ಸಮೇತ, ಕಿತ್ತುಕೊಂಡು ಎದೆಗೆ ಅವುಚಿ, ಇಡೀ ಸಭಾಂಗಣಕ್ಕೆ ಕೇಳುವಂತೆ, "ಬೇಡ! ಬೇಡ!" ಎಂದು ಕೂಗಿದರು.